ಗ್ಯಾರೇಜಿನ ಮರಗೆಲಸಕ್ಕೆ ಬೆಚ್ಚನೆಯ ಬಾಗಿಲು: ಅಂಕಿ ನೋಡುವ ಮೊದಲು ಸಂದು ನೋಡಿ

ಪ್ರಶ್ನೆ: ಮನೆಗೆ ಅಂಟಿಕೊಂಡಿರುವ ಎರಡು ಕಾರಿನ ಗ್ಯಾರೇಜನ್ನು ಮೂರು ವರ್ಷದಿಂದ ಮರಗೆಲಸಕ್ಕೆ ಬಳಸುತ್ತಿದ್ದೇನೆ. ಕಾರು ಒಳಗೆ ಬರುವುದೇ ಇಲ್ಲ. ಬಾಗಿಲು 4.8 ಮೀಟರ್ ಅಗಲ, 2.1 ಮೀಟರ್ ಎತ್ತರ. ಒಂದೇ ಪದರದ ಉಕ್ಕಿನ ತಗಡು, ಅಡ್ಡ ಹಲಗೆಗಳಾಗಿ ಬಾಗಿ ಮೇಲಕ್ಕೆ ಹೋಗುವಂಥದ್ದು. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ, ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಯಂತ್ರ) ಮೇಲೆ ತುಕ್ಕು ಬರುತ್ತದೆ. ಬೇಸಿಗೆಯ ಮಧ್ಯಾಹ್ನ ಒಳಗೆ ನಿಲ್ಲುವುದೇ ಕಷ್ಟ. ಪಕ್ಕದ ಮನೆಯವರು ಶಬ್ದದ ಬಗ್ಗೆ ಎರಡು ಸಲ ಹೇಳಿದ್ದಾರೆ. ಆರ್-18 ಇರುವ ಇನ್ಸುಲೇಟೆಡ್ ಬಾಗಿಲು ಹಾಕಿಸೋಣ ಅಂತಿದ್ದೇನೆ. ಅಷ್ಟು ಖರ್ಚು ಮಾಡಬಹುದೇ? ಈಗಿನ ಬಾಗಿಲಿಗೇ ಥರ್ಮೋಕೋಲ್ ಅಂಟಿಸಿದರೆ ಸಾಲದೇ? ಬಾಗಿಲು ಎತ್ತುವ ಮೋಟರ್ 12 ವರ್ಷ ಹಳೆಯದು. ಅದು ಹೊಸ ಬಾಗಿಲನ್ನು ಎತ್ತುತ್ತದೆಯೇ?

ಉತ್ತರ: ಬಾಗಿಲು ಬದಲಿಸಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಆ 18ರ ಹಿಂದೆ ಹೋಗಬೇಡಿ. 9 ಅಥವಾ 12ರ ಬಾಗಿಲನ್ನು ನಾಲ್ಕೂ ಕಡೆ ಸಂದಿಲ್ಲದಂತೆ ಕೂರಿಸಿದರೆ, ಸಂದು ಬಿಟ್ಟು ಕೂರಿಸಿದ 18ರ ಬಾಗಿಲಿಗಿಂತ ಅದೇ ನಿಮ್ಮನ್ನು ಬೆಚ್ಚಗಿಡುತ್ತದೆ. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಹಾಕಿ ತೋರಿಸುತ್ತೇನೆ.

ಆರ್-ವ್ಯಾಲ್ಯೂ ಅಂದರೆ ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟದಂತೆ ತಡೆಯುವ ಶಕ್ತಿ. ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು. 18, 12, 9 ಎಂದು ಬರೆಯುವುದು ಅಮೆರಿಕದ ಅಳತೆ. ಮೆಟ್ರಿಕ್ ಲೆಕ್ಕಕ್ಕೆ ತರಲು 5.68ರಿಂದ ಭಾಗಿಸಬೇಕು. ಹಾಗೆ ಮಾಡಿದರೆ 18 ಎಂಬುದು ಸುಮಾರು 3.2 ಆಗುತ್ತದೆ, 9 ಎಂಬುದು 1.6 ಆಗುತ್ತದೆ. ಕೆಲವು ತಯಾರಕರು ಇದನ್ನೇ ತಲೆಕೆಳಗು ಮಾಡಿ ಯು-ವ್ಯಾಲ್ಯೂ ಅಂತ ಕೊಡುತ್ತಾರೆ. ಅದರಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ನಿಮ್ಮ ಬಾಗಿಲಿನ ವಿಸ್ತೀರ್ಣ ಹೆಚ್ಚುಕಡಿಮೆ 10 ಚದರ ಮೀಟರ್. ಹೊರಗೆ 0 ಡಿಗ್ರಿ, ಒಳಗೆ 20 ಡಿಗ್ರಿ ಇದೆ ಅಂದುಕೊಳ್ಳೋಣ. ಈಗಿರುವ ಬರೀ ತಗಡಿನ ಮೂಲಕ ಸುಮಾರು 1,200 ವ್ಯಾಟ್ ಬಿಸಿ ಹೊರಗೆ ಹೋಗುತ್ತಿರುತ್ತದೆ. ಅಂದರೆ ಒಂದು ಸಾಧಾರಣ ರೂಮ್ ಹೀಟರ್ ಪೂರ್ತಿ ಉರಿದು ಬಾಗಿಲಿನ ನಷ್ಟವನ್ನು ಮಾತ್ರ ತುಂಬಿಕೊಡುತ್ತದೆ. ಆ ಜಾಗಕ್ಕೆ ಆರ್-9 ಬಾಗಿಲು ಬಂದರೆ ಕಾಗದದ ಲೆಕ್ಕದಲ್ಲಿ ಅದು ಸುಮಾರು 125 ವ್ಯಾಟ್‌ಗೆ ಇಳಿಯುತ್ತದೆ. ಆರ್-18 ಬಂದರೆ 60ರ ಆಸುಪಾಸು. ಈಗ ನೋಡಿ. ತಗಡಿನಿಂದ 9ಕ್ಕೆ ಬಂದಾಗ ಸಾವಿರಕ್ಕೂ ಹೆಚ್ಚು ವ್ಯಾಟ್ ಉಳಿಯಿತು. 9ರಿಂದ 18ಕ್ಕೆ ಹೋದಾಗ ಉಳಿದದ್ದು ಬರೀ 65 ವ್ಯಾಟ್. ಅಂಕಿ ಎರಡರಷ್ಟಾಯಿತು, ಬೆಲೆಯೂ ಏರಿತು, ನಿಮ್ಮ ಬೆರಳಿಗೆ ಮಾತ್ರ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ. ಬಾಗಿಲಿನ ಮೇಲೆ ಬರೆದಿರುವ ಆರ್-ವ್ಯಾಲ್ಯೂ ಸಾಮಾನ್ಯವಾಗಿ ಹಲಗೆಯ ನಟ್ಟನಡುವಿನದು. ಅಲ್ಲಿ ಫೋಮ್ ತುಂಬಿರುತ್ತದೆ, ಅಂಚಿಲ್ಲ, ಕೀಲಿಲ್ಲ, ಕಿಟಕಿಯಿಲ್ಲ. ನಿಜವಾದ ಬಾಗಿಲಿನಲ್ಲಿ ನಾಲ್ಕೈದು ಹಲಗೆಗಳ ಸೇರುವೆಗಳಿರುತ್ತವೆ, ಎರಡೂ ತುದಿಯಲ್ಲಿ ಉಕ್ಕಿನ ಮುಚ್ಚಳಗಳಿರುತ್ತವೆ. ಇವನ್ನೆಲ್ಲ ಸೇರಿಸಿ ಅಳೆದರೆ ಅಂಕಿ ಗಣನೀಯವಾಗಿ ಇಳಿಯುತ್ತದೆ. ಅದಕ್ಕೇ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: "ಚೌಕಟ್ಟು ಸೇರಿಸಿ, ಕೂರಿಸಿದ ಇಡೀ ಬಾಗಿಲಿನ ಯು-ವ್ಯಾಲ್ಯೂ ಎಷ್ಟು?" ಅದನ್ನು ಕೊಡಬಲ್ಲ ತಯಾರಕರು ಇದ್ದಾರೆ. ಎರಡು ಬಾಗಿಲುಗಳನ್ನು ಹೋಲಿಸುವುದಾದರೆ ಆ ಅಂಕಿಯ ಮೇಲೆ ಹೋಲಿಸಿ.

ಇನ್ನು ಸಂದಿನ ವಿಷಯ. ನನಗೆ ತುಂಬಾ ಮುಖ್ಯ ಅನಿಸುವುದು ಇದೇ.

ನಿಮ್ಮ ಬಾಗಿಲಿನ ಸುತ್ತಳತೆ 13.8 ಮೀಟರ್. ಸುತ್ತಲೂ ಬರೀ 3 ಮಿಲಿಮೀಟರ್ ಸಂದಿದೆ ಅಂದುಕೊಳ್ಳಿ. ಒಟ್ಟು ಸೇರಿಸಿದರೆ 400 ಚದರ ಸೆಂಟಿಮೀಟರ್ ದಾಟುತ್ತದೆ. ಗೋಡೆಯಲ್ಲಿ 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ತೂತು ಕೊರೆದು ಚಳಿಗಾಲವಿಡೀ ತೆರೆದಿಟ್ಟ ಹಾಗೆ. ಅದರಲ್ಲಿ ಸೆಕೆಂಡಿಗೆ 10 ಲೀಟರ್ ತಣ್ಣನೆ ಗಾಳಿ ಒಳಗೆ ಬಂದರೂ ಸಾಕು, ಅದನ್ನು 20 ಡಿಗ್ರಿಗೆ ಕಾಯಿಸಲು 240 ವ್ಯಾಟ್ ಬೇಕು. ಜೋರು ಗಾಳಿ ಬೀಸಿದ ದಿನ 10 ಲೀಟರಿಗೆ ನಿಲ್ಲುವುದೂ ಇಲ್ಲ. 9ರಿಂದ 18ಕ್ಕೆ ಏರಿ ನೀವು ಉಳಿಸಿದ್ದ 65 ವ್ಯಾಟ್ ಈ ಸಂದಿನಲ್ಲಿ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಹೊಸ ಬಾಗಿಲಿನ ಮಾತು ಬಿಡಿ, ಈ ವಾರವೇ ಒಂದು ಕೆಲಸ ಮಾಡಿ. ಬಿಸಿಲಿರುವ ಹೊತ್ತಿನಲ್ಲಿ ಬಾಗಿಲು ಮುಚ್ಚಿ, ಒಳಗಿನ ದೀಪ ಆರಿಸಿ, ಐದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬೆಳಕು ಎಲ್ಲೆಲ್ಲಿ ಇಣುಕುತ್ತದೆ ಅಂತ ನೋಡಿ. ಎರಡು ಕೆಳಮೂಲೆಗಳಲ್ಲಿ ಖಂಡಿತ ಕಾಣಿಸುತ್ತದೆ. ಬೆಳಕು ಕಾಣದ ಕಡೆ ಊದುಬತ್ತಿ ಹಿಡಿದು ಹೊಗೆ ಯಾವ ಕಡೆ ವಾಲುತ್ತದೆ ಅಂತ ನೋಡಬಹುದು. ಆದರೆ ಮರದ ಹೊಟ್ಟನ್ನೆಲ್ಲ ಗುಡಿಸಿ, ಥಿನ್ನರ್ ಡಬ್ಬಗಳನ್ನು ಹೊರಗಿಟ್ಟ ಮೇಲೆ ಮಾತ್ರ ಹಚ್ಚಿ.

ಕೆಳಗಿನ ರಬ್ಬರ್ ಪಟ್ಟಿ ವರ್ಷ ಕಳೆದಂತೆ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಅದನ್ನು ಬದಲಿಸುವುದು ಅರ್ಧ ದಿನದ ಕೆಲಸ, ನೀವೇ ಮಾಡಬಹುದು. ಪಟ್ಟಿ ಕೂರುವ ತೋಡಿನ ಆಕಾರ ಮೊದಲು ನೋಡಿಕೊಳ್ಳಿ. ಒಂದೊಂದು ಬಾಗಿಲಿಗೆ ಒಂದೊಂದು ಥರ ಇರುತ್ತದೆ. ಹಳೆಯದರ ಒಂದು ತುಂಡು ಕತ್ತರಿಸಿ ಅಂಗಡಿಗೆ ತೆಗೆದುಕೊಂಡು ಹೋಗುವುದು ಒಳ್ಳೆಯದು. ನೆಲ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಇನ್ನಷ್ಟು ದಪ್ಪದ, ಮೆತ್ತನೆಯ ಉಬ್ಬು ಪಟ್ಟಿ ಬೇಕು. ಜೊತೆಗೆ ನೆಲಕ್ಕೇ ಅಂಟಿಸುವ ರಬ್ಬರ್ ಹೊಸ್ತಿಲು ಸಿಗುತ್ತದೆ. ಮಳೆನೀರು ಒಳಗೆ ಹರಿಯುವ ಗ್ಯಾರೇಜಿಗೆ ಅದು ತುಂಬಾ ಉಪಯೋಗ. ಆದರೆ ಚಕ್ರದ ಮೇಲೆ ಯಂತ್ರ ತಳ್ಳಿಕೊಂಡು ಹೋಗುವಾಗ ಅದು ಅಡ್ಡ ಬರುತ್ತದೆ. ಎರಡನ್ನೂ ತೂಗಿ ನೋಡಿ.

ಎರಡು ಬದಿ ಮತ್ತು ಮೇಲ್ಭಾಗಕ್ಕೆ ಚೌಕಟ್ಟಿನ ಮೇಲೆ ಹೊಡೆಯುವ ಪಟ್ಟಿಗಳು ಬರುತ್ತವೆ. ಮುಚ್ಚಿದ ಬಾಗಿಲಿಗೆ ಅವುಗಳ ಮೆತ್ತನೆ ನಾಲಿಗೆ ಸ್ವಲ್ಪ ಬಾಗಿ ತಾಗಿರಬೇಕು, ಅಷ್ಟೇ. ಬಿಗಿಯಾಗಿ ಒತ್ತಿಸಿದರೆ ಬಾಗಿಲು ಉಜ್ಜಿಕೊಂಡು ಓಡುತ್ತದೆ. ಮೋಟರ್ ಅದನ್ನೇ ಅಡಚಣೆ ಅಂದುಕೊಂಡು ಅರ್ಧಕ್ಕೆ ವಾಪಸು ಹೋಗುತ್ತದೆ. ಇನ್ನು ಹೆಚ್ಚಿನವರು ಮರೆಯುವ ಜಾಗ ಒಂದಿದೆ. ಅದು ಮರದ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು. ಮೇಲೆ ಅಂದದ ಪಟ್ಟಿ ಹೊಡೆದಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಗಾಳಿಗೆ ಮಾತ್ರ ದಾರಿ ಗೊತ್ತಿರುತ್ತದೆ. ಅಲ್ಲಿಗೆ ಕಡಿಮೆ ಉಬ್ಬುವ ಫೋಮ್ ತುಂಬಿ. ಜಾಸ್ತಿ ಉಬ್ಬುವ ಥರದ್ದು ಚೌಕಟ್ಟನ್ನೇ ಒಳಕ್ಕೆ ತಳ್ಳಿ ಸೊಟ್ಟ ಮಾಡಬಹುದು.

ಇಷ್ಟು ಮಾಡಿ ಒಂದು ಚಳಿಗಾಲ ಕಳೆದರೆ, ಬಾಗಿಲನ್ನೇ ಬದಲಿಸಬೇಕೋ ಬೇಡವೋ ಅನ್ನುವುದು ನಿಮಗೇ ಇನ್ನೂ ಸ್ಪಷ್ಟವಾಗುತ್ತದೆ. ವಾರಕ್ಕೆ ಎರಡು ಗಂಟೆ ಮಾತ್ರ ಕೆಲಸ ಮಾಡುವವರಿಗೆ ಇಷ್ಟೇ ಸಾಕಾಗಿರುವುದನ್ನೂ ನೋಡಿದ್ದೇನೆ. ನೀವು ಅಂಟಿನ ತೊಂದರೆ, ತುಕ್ಕು ಎರಡನ್ನೂ ಹೇಳಿರುವುದರಿಂದ ನಿಮಗೆ ಬಾಗಿಲೂ ಬೇಕಾಗುತ್ತದೆ ಅಂತ ನನ್ನ ಅಂದಾಜು.

ಕೊಳ್ಳುವುದಾದರೆ ಎಂಥದ್ದು? ಇನ್ಸುಲೇಟೆಡ್ ಅಂತ ಮಾರುವ ಬಾಗಿಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹೊರಗೆ ಉಕ್ಕಿನ ತಗಡು, ಅದರ ಬೆನ್ನಿಗೆ ಥರ್ಮೋಕೋಲ್ ಹಾಳೆ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ. ಇನ್ನೊಂದರಲ್ಲಿ ಎರಡು ಕಡೆಯೂ ಉಕ್ಕು, ನಡುವೆ ಪಾಲಿಯುರೆಥೇನ್ ಫೋಮ್. ನಿಮ್ಮ ಕೆಲಸಕ್ಕೆ ಎರಡನೆಯದನ್ನೇ ತೆಗೆದುಕೊಳ್ಳಿ. ಒಂದೇ ದಪ್ಪದಲ್ಲಿ ಪಾಲಿಯುರೆಥೇನ್ ಥರ್ಮೋಕೋಲಿಗಿಂತ ಸುಮಾರು ಒಂದೂವರೆ ಪಟ್ಟು ಬಿಸಿ ತಡೆಯುತ್ತದೆ. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಆ ಫೋಮನ್ನು ದ್ರವವಾಗಿ ಸುರಿದು ಉಬ್ಬಿಸುತ್ತಾರೆ. ಅದು ಎರಡೂ ತಗಡಿಗೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಹಲಗೆ ಬಿರುಸಾಗಿರುತ್ತದೆ, ಬಾಗುವುದಿಲ್ಲ, ಬಡಬಡ ಅನ್ನುವುದಿಲ್ಲ. 4.8 ಮೀಟರ್ ಉದ್ದದ ಹಲಗೆಗೆ ಆ ಬಿಗಿ ಬೇಕೇ ಬೇಕು. ಒಳಗಡೆ ಉಕ್ಕಿನ ತಗಡು ಇರುವುದರಿಂದ ಮರದ ತುಂಡು ಜಾರಿ ತಾಗಿದರೂ ಫೋಮ್ ಕಿತ್ತುಬರುವುದಿಲ್ಲ. 40ರಿಂದ 50 ಮಿಲಿಮೀಟರ್ ದಪ್ಪ ಸಾಕು.

ಹಲಗೆಯ ತುದಿಯನ್ನು ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಿ. ಹೊರಗಿನ ತಗಡು ಮತ್ತು ಒಳಗಿನ ತಗಡು ಒಂದಕ್ಕೊಂದು ನೇರವಾಗಿ ತಾಗಿದ್ದರೆ ಹೊರಗಿನ ಚಳಿ ಆ ಉಕ್ಕಿನ ದಾರಿಯಲ್ಲೇ ಒಳಗೆ ನಡೆದು ಬರುತ್ತದೆ. ನಡುವೆ ಪ್ಲಾಸ್ಟಿಕ್ ಅಥವಾ ಫೋಮ್ ಇಟ್ಟು ಬೇರೆ ಮಾಡಿರಬೇಕು. ಇದನ್ನು ಥರ್ಮಲ್ ಬ್ರೇಕ್ ಅನ್ನುತ್ತಾರೆ. ಎರಡು ಹಲಗೆ ಸೇರುವ ಕಡೆ ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರಬೇಕು, ಅಲ್ಲಿ ರಬ್ಬರ್ ಇರಬೇಕು. ಆರ್-ವ್ಯಾಲ್ಯೂ 12 ಇದ್ದು ಇವೆಲ್ಲ ಇರುವ ಬಾಗಿಲು, 18 ಇದ್ದು ಇವಿಲ್ಲದ ಬಾಗಿಲು, ಎರಡೂ ಎದುರಿಗಿದ್ದರೆ ನಾನು ಯೋಚಿಸದೆ ಮೊದಲನೆಯದನ್ನು ಆರಿಸುತ್ತೇನೆ.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾಗಿಲಿಗೆ ನೇರ ಬಿಸಿಲು ಬೀಳುತ್ತಿದ್ದರೆ ಕಪ್ಪು, ಕಡುಕಂದು ಬೇಡ. ಇನ್ಸುಲೇಶನ್ ಇರುವ ಬಾಗಿಲಿನಲ್ಲಿ ಹೊರ ತಗಡು ಕಾಯುತ್ತದೆ, ಒಳ ತಗಡು ತಣ್ಣಗೇ ಇರುತ್ತದೆ. ಎರಡರ ನಡುವೆ 40 ಡಿಗ್ರಿ ವ್ಯತ್ಯಾಸ ಬಂದರೆ 4.8 ಮೀಟರ್ ಉಕ್ಕು 2 ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಒಂದು ಕಡೆ ಮಾತ್ರ ಹಿಗ್ಗಿದರೆ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ ಹಲಗೆ ಪಟ್ಟಿಗೆ ಸರಿಯಾಗಿ ತಾಗುವುದಿಲ್ಲ. ಅಷ್ಟು ಕಷ್ಟಪಟ್ಟು ಮುಚ್ಚಿದ ಸಂದು ಮತ್ತೆ ತೆರೆದುಕೊಳ್ಳುತ್ತದೆ. ತಿಳಿಬಣ್ಣ ಹಾಕಿಸಿದರೆ ಈ ತಲೆನೋವೇ ಇಲ್ಲ.

ಇನ್ನು ಥರ್ಮೋಕೋಲ್. ನೀವೇ ಕತ್ತರಿಸಿ ಅಂಟಿಸಿದರೆ ಬಿಸಿ ಉಳಿಯುವುದು ನಿಜ. ಹಲಗೆಯ ನಡುಭಾಗದಲ್ಲಿ 25 ಮಿಲಿಮೀಟರ್ ಥರ್ಮೋಕೋಲ್ ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಆದರೆ ಬಾಗಿಲು ಮೇಲೆ ಹೋಗುವಾಗ ಹಲಗೆಗಳು ಬಾಗಬೇಕು, ಆದ್ದರಿಂದ ಸೇರುವೆಗಳ ಮೇಲೆ ಅಂಟಿಸುವ ಹಾಗಿಲ್ಲ. ಅಲ್ಲೆಲ್ಲ ಬರೀ ತಗಡೇ ಉಳಿಯುತ್ತದೆ. ಸುತ್ತಲಿನ ಸಂದಿಗೂ ಇದರಿಂದ ಏನೂ ಆಗುವುದಿಲ್ಲ.

ಇಷ್ಟೇ ಆಗಿದ್ದರೆ ನಾನು "ಮಾಡಿ ನೋಡಿ" ಅನ್ನುತ್ತಿದ್ದೆ. ನನಗೆ ಹೆದರಿಕೆ ಇರುವುದು ಬೆಂಕಿಯದ್ದು. ಹೊದಿಕೆಯಿಲ್ಲದ ಥರ್ಮೋಕೋಲ್ 100 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ. ಕಿಡಿ ತಾಗಿದರೆ ಉರಿಯುತ್ತಾ ತೊಟ್ಟಿಕ್ಕುತ್ತದೆ, ಕಡುಕಪ್ಪು ಹೊಗೆ ಬಿಡುತ್ತದೆ. ಪಾಲಿಯುರೆಥೇನ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸೈನೈಡ್ ಕೂಡ ಬರುತ್ತದೆ. ಮರಗೆಲಸದ ಜಾಗದಲ್ಲಿ ಉಳಿ ಮಸೆಯುವ ಗ್ರೈಂಡರ್ ಇರುತ್ತದೆ. ಕೆಲವರು ವೆಲ್ಡಿಂಗನ್ನೂ ಮಾಡುತ್ತಾರೆ. ನೆಲದಲ್ಲಿ ಹೊಟ್ಟು, ಕಪಾಟಿನಲ್ಲಿ ಪಾಲಿಶ್. ಇಂಥ ಜಾಗದಲ್ಲಿ 10 ಚದರ ಮೀಟರ್ ಬರಿಯ ಫೋಮ್ ನೇತುಹಾಕಬೇಡಿ, ದಯವಿಟ್ಟು. ಅದೂ ಹೊರಗೆ ಓಡಿಹೋಗುವ ದಾರಿಯ ಮೇಲೆ.

ಹಾಗಾದರೆ ಮೇಲೆ ಪ್ಲೈವುಡ್ ಹೊಡೆಯುತ್ತೇನೆ ಅನ್ನುತ್ತೀರಿ ಅಲ್ವಾ? ಅಲ್ಲಿ ತೂಕ ಅಡ್ಡ ಬರುತ್ತದೆ. ಥರ್ಮೋಕೋಲಿನದು ಬರೀ 4-5 ಕಿಲೋ. ಆದರೆ 3 ಮಿಲಿಮೀಟರ್ ಪ್ಲೈವುಡ್ ಅಷ್ಟು ಜಾಗಕ್ಕೆ ಹೊಡೆದರೆ 18 ಕಿಲೋ ಆಗುತ್ತದೆ. ಅಂಟು, ಸ್ಕ್ರೂ ಬೇರೆ. ಬಾಗಿಲಿನ ಸ್ಪ್ರಿಂಗನ್ನು ಹಳೆಯ ತೂಕಕ್ಕೆ ಲೆಕ್ಕ ಹಾಕಿ ಹಾಕಿರುತ್ತಾರೆ. 20 ಕಿಲೋ ಹೆಚ್ಚಾದರೆ ಅದು ಸೋಲುತ್ತದೆ. ಅದಲ್ಲದೆ ಪ್ಲೈವುಡ್ ಕೂಡ ಉರಿಯುವ ವಸ್ತುವೇ.

ನಿಮ್ಮ ಮೋಟರಿನ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಮೋಟರ್ ಬಾಗಿಲನ್ನು ಎತ್ತುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿಜವಾಗಿ ತೂಕ ಹೊರುವುದು ಸ್ಪ್ರಿಂಗ್. ಮೋಟರ್ ಸುಮ್ಮನೆ ಮೇಲಕ್ಕೂ ಕೆಳಕ್ಕೂ ಸರಿಸುತ್ತದೆ, ಅಷ್ಟೇ. ಎರಡು ಕಡೆ ಉಕ್ಕಿರುವ ನಿಮ್ಮ ಅಳತೆಯ ಬಾಗಿಲು 100 ಕಿಲೋ ಆಸುಪಾಸು ತೂಗುತ್ತದೆ. ಸ್ಪ್ರಿಂಗ್ ಸರಿಯಾಗಿ ಕೂತಿದ್ದರೆ ಅದನ್ನು ಒಂದು ಕೈಯಲ್ಲಿ ಎತ್ತಬಹುದು. ಆದ್ದರಿಂದ ಹೊಸ ಬಾಗಿಲಿನ ಜೊತೆಗೆ ಹೊಸ ಸ್ಪ್ರಿಂಗ್ ಬರಲೇಬೇಕು, ಆ ಬಾಗಿಲಿನ ತೂಕಕ್ಕೇ ಲೆಕ್ಕ ಹಾಕಿದ್ದು. "ಹಳೆಯದೇ ನಡೆಯುತ್ತದೆ" ಅಂತ ಯಾರಾದರೂ ಹೇಳಿದರೆ ಅವರಿಂದ ಬಾಗಿಲು ಕೊಳ್ಳಬೇಡಿ.

ಈಗಿರುವುದು ಹೇಗಿದೆ ಅಂತ ನೋಡುವುದು ಸುಲಭ. ಬಾಗಿಲು ಪೂರ್ತಿ ಮುಚ್ಚಿರುವಾಗ ಮಾತ್ರ ಮೋಟರಿನಿಂದ ಬಿಡಿಸುವ ಹಗ್ಗ ಎಳೆಯಿರಿ. ತೆರೆದಿರುವಾಗ ಎಳೆದರೆ, ಸ್ಪ್ರಿಂಗ್ ಸೋತಿದ್ದ ಪಕ್ಷದಲ್ಲಿ, ಬಾಗಿಲು ದಡಕ್ಕನೆ ಬೀಳಬಹುದು. ಆಮೇಲೆ ಕೈಯಿಂದ ಸೊಂಟದ ಎತ್ತರಕ್ಕೆ ಎತ್ತಿ, ಕಾಲು ದೂರ ಇಟ್ಟುಕೊಂಡು, ಹಿಡಿತ ನಿಧಾನ ಸಡಿಲಿಸಿ. ಇದ್ದಲ್ಲೇ ನಿಂತರೆ ತೂಕ ಸರಿಯಾಗಿದೆ. ಕೆಳಗೆ ಜಾರಿದರೆ ಸ್ಪ್ರಿಂಗ್ ಸೋತಿದೆ. ಸಾಮಾನ್ಯ ಸ್ಪ್ರಿಂಗನ್ನು ಸುಮಾರು 10,000 ಸಲ ತೆರೆದು ಮುಚ್ಚುವ ಲೆಕ್ಕಕ್ಕೆ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷಕ್ಕೆ ಮುಗಿಯುತ್ತದೆ. ನೀವು ಕಾರು ತರುವುದಿಲ್ಲವಾದ್ದರಿಂದ ಹೆಚ್ಚು ಕಾಲ ಬರುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ನಿಮಗೆ ಗರಗಸ, ರಂದ, ಅಳತೆ ಎಲ್ಲ ಗೊತ್ತು. ಹಲಗೆ ಜೋಡಿಸುವುದು, ಟ್ರ್ಯಾಕ್ (ಬಾಗಿಲಿನ ರೋಲರ್ ಓಡುವ ಹಳಿ) ಕೂರಿಸುವುದು ನಿಮ್ಮಿಂದ ಆಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಾಗಿಲಿನ ಮೇಲಿನ ಸುರುಳಿ ಸ್ಪ್ರಿಂಗನ್ನು ಬಿಗಿಯುವ, ಸಡಿಲಿಸುವ ಕೆಲಸ ಅದೇ ಕೆಲಸದವರಿಗೆ ಬಿಡಿ. 100 ಕಿಲೋ ಎತ್ತುವ ಶಕ್ತಿ ಆ ಸುರುಳಿಯಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಬಿಗಿಯಲು ತೂರಿಸುವ ಕಂಬಿ ಕೈಜಾರಿದರೆ ಮೂಳೆ ಮುರಿಯುತ್ತದೆ. ಕಣ್ಣು, ಜೀವ ಹೋದದ್ದೂ ಇದೆ. ಕೆಳಗಿನ ಹಲಗೆಯ ಮೂಲೆಗಳಲ್ಲಿ ಕೇಬಲ್ ಹಿಡಿದಿರುವ ಬೋಲ್ಟುಗಳನ್ನೂ ಮುಟ್ಟಬೇಡಿ. ಆ ಕೇಬಲಿನಲ್ಲೂ ಅದೇ ಬಿಗಿ ಇರುತ್ತದೆ.

12 ವರ್ಷದ ಮೋಟರ್ ಚೆನ್ನಾಗಿದ್ದರೆ, ಹೊಸ ಬಾಗಿಲಿನ ಗಾತ್ರ ಮತ್ತು ತೂಕ ಅದರ ಕೈಪಿಡಿಯ ಮಿತಿಯೊಳಗಿದ್ದರೆ, ಇಟ್ಟುಕೊಳ್ಳಬಹುದು. ಮೇಲಿನ ಹಲಗೆಗೆ ಮೋಟರಿನ ತೋಳು ಸೇರುವ ಜಾಗದಲ್ಲಿ ಉಕ್ಕಿನ ಬಲಪಟ್ಟಿ ಹಾಕಿಸಲೇಬೇಕು. ಇಲ್ಲದಿದ್ದರೆ ತೆಳು ತಗಡು ಆ ಎಳೆತಕ್ಕೆ ಕಿತ್ತುಬರುತ್ತದೆ. ಬಲದ ಹೊಂದಾಣಿಕೆಯನ್ನು ಹೊಸದಾಗಿ ಮಾಡಿಸಿ. ಆಮೇಲೆ 4 ಸೆಂಟಿಮೀಟರಿನಷ್ಟು ದಪ್ಪದ ಮರದ ತುಂಡನ್ನು ಬಾಗಿಲಿನ ಕೆಳಗೆ ಅಡ್ಡ ಮಲಗಿಸಿ ಮುಚ್ಚಿ ನೋಡಿ. ತಾಗಿದ ಕೂಡಲೇ ಬಾಗಿಲು ಮೇಲೆ ಹೋಗಬೇಕು. ಹೋಗದಿದ್ದರೆ, ಅಥವಾ ಅಡ್ಡ ಬಂದದ್ದನ್ನು ಗುರುತಿಸುವ ಬೆಳಕಿನ ಕಣ್ಣುಗಳೇ ಆ ಮೋಟರಿಗೆ ಇಲ್ಲದಿದ್ದರೆ, ಅದನ್ನು ಬದಲಿಸಿ. ಈ ಕಣ್ಣುಗಳು ನೆಲದಿಂದ 15 ಸೆಂಟಿಮೀಟರ್ ಒಳಗಿನ ಎತ್ತರದಲ್ಲಿ ಇರುತ್ತವೆ, ಮರದ ಹೊಟ್ಟು ಬಂದು ಕೂರುವುದೂ ಅಲ್ಲೇ. ಬಾಗಿಲು ಮುಚ್ಚಲು ಹಟ ಮಾಡಿದರೆ ಮೊದಲು ಅವನ್ನು ಬಟ್ಟೆಯಿಂದ ಒರೆಸಿ. ಟ್ರ್ಯಾಕಿಗೆ ಗ್ರೀಸ್ ಹಚ್ಚುವುದೂ ಬೇಡ. ಹೊಟ್ಟು ಅದಕ್ಕೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಎಣ್ಣೆ ಬೇಕಿರುವುದು ಕೀಲು, ರೋಲರಿನ ಬೇರಿಂಗ್ ಮತ್ತು ಸ್ಪ್ರಿಂಗಿಗೆ.

ತುಕ್ಕಿನ ವಿಷಯಕ್ಕೆ ಬರುತ್ತೇನೆ. ಬಾಗಿಲು ಬದಲಿಸಿದವರಿಗೆ ಅತಿ ಹೆಚ್ಚು ಸಂತೋಷ ಕೊಡುವುದು ಇದೇ ಅಂತ ನನ್ನ ಅನುಭವ. ಹೊರಗೆ 0, ಒಳಗೆ 20 ಇರುವಾಗ ಬರೀ ತಗಡಿನ ಒಳಮೈ ಸುಮಾರು 5 ಡಿಗ್ರಿ ಇರುತ್ತದೆ. 20 ಡಿಗ್ರಿಯ, ಅರ್ಧದಷ್ಟು ತೇವ ಇರುವ ಗಾಳಿ 9 ಡಿಗ್ರಿಯ ಮೇಲ್ಮೈಗೆ ತಾಗಿದರೂ ಸಾಕು, ಹನಿಗಟ್ಟುತ್ತದೆ. ಅದಕ್ಕೇ ಚಳಿಗಾಲದಲ್ಲಿ ನಿಮ್ಮ ಬಾಗಿಲು ಒಳಗಡೆ ಬೆವರುತ್ತದೆ, ನೀರು ನೆಲಕ್ಕೆ ಇಳಿಯುತ್ತದೆ. ಇನ್ಸುಲೇಶನ್ ಇರುವ ಬಾಗಿಲಿನ ಒಳಮೈ 17 ಡಿಗ್ರಿ ಹತ್ತಿರ ಇರುತ್ತದೆ. ಅಲ್ಲಿ ಹನಿ ಕಟ್ಟುವುದಿಲ್ಲ.

ಟೇಬಲ್ ಸಾದ ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಸ್ವಲ್ಪ ಬೇರೆ ಥರ. ರಾತ್ರಿಯೆಲ್ಲ ಆ ದಪ್ಪ ಕಬ್ಬಿಣ ತಣ್ಣಗಾಗಿರುತ್ತದೆ. ಬೆಳಿಗ್ಗೆ ನೀವು ಹೀಟರ್ ಹಾಕುತ್ತೀರಿ. ಗಾಳಿ ಬೇಗ ಬಿಸಿಯಾಗುತ್ತದೆ, ಕಬ್ಬಿಣ ತಣ್ಣಗೇ ಉಳಿಯುತ್ತದೆ. ಹನಿಯೆಲ್ಲ ಅದರ ಮೇಲೆ ಕೂರುತ್ತದೆ. ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರ್ ಆದರೆ ಉರಿಯುವಾಗ ಅದೇ ಇನ್ನಷ್ಟು ನೀರಾವಿ ಬಿಡುತ್ತದೆ, ತುಕ್ಕು ಇನ್ನೂ ಬೇಗ. ಹೊಸ ಬಾಗಿಲು ಹಾಕಿಸಿದ ಮೇಲೆ ರಾತ್ರಿ ಉಷ್ಣಾಂಶ ಅಷ್ಟು ಇಳಿಯುವುದಿಲ್ಲ, ಆದ್ದರಿಂದ ಈ ಏರಿಳಿತ ಕಡಿಮೆಯಾಗುತ್ತದೆ. ಸಣ್ಣ ಕರೆಂಟ್ ಹೀಟರ್ ಒಂದನ್ನು ಥರ್ಮೋಸ್ಟ್ಯಾಟ್ ಇಟ್ಟು 10-12 ಡಿಗ್ರಿಯಲ್ಲಿ ಬಿಟ್ಟರೆ ತುಕ್ಕೂ ಹತೋಟಿಗೆ ಬರುತ್ತದೆ, ನಿಮ್ಮ ಅಂಟಿನ ಸಮಸ್ಯೆಯೂ ಮುಗಿಯುತ್ತದೆ. ಮರಕ್ಕೆ ಬಳಸುವ ಬಿಳಿ, ಹಳದಿ ಅಂಟುಗಳು ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಪದರ ಕಟ್ಟುವುದಿಲ್ಲ. ಒಣಗಿದ ಮೇಲೆ ಸುಣ್ಣದ ಪುಡಿಯ ಹಾಗೆ ಬೆಳ್ಳಗೆ ಕಾಣಿಸಿದರೆ ಆ ಜೋಡಣೆಯನ್ನು ನಂಬಬೇಡಿ. ಗಾಳಿ ಮಾತ್ರವಲ್ಲ, ಮರ ಕೂಡ ಬೆಚ್ಚಗಿರಬೇಕು. ತಣ್ಣನೆ ನೆಲದ ಮೇಲಿಂದ ಎತ್ತಿದ ಹಲಗೆಗೆ ತಕ್ಷಣ ಅಂಟು ಹಚ್ಚಬೇಡಿ.

ಬೇಸಿಗೆಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು. ಬಿಸಿಲಿಗೆ ಕಾದ ತಗಡು ಒಳಗಡೆಗೆ ಒಲೆಯ ಹಾಗೆ ಧಗೆ ಬೀರುತ್ತದೆ. ಅದು ಹೊಸ ಬಾಗಿಲಿನಿಂದ ಬಹುಪಾಲು ನಿಲ್ಲುತ್ತದೆ. ಆದರೆ ಯಂತ್ರಗಳೂ ಬಿಸಿ ಹುಟ್ಟಿಸುತ್ತವೆ. 1.5 ಕಿಲೋವ್ಯಾಟ್ ಮೋಟರ್ ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಅದೇ ಕೋಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಮೇಲೆ ಚಾವಣಿ ಬರಿದಾಗಿದ್ದರೆ ಅಲ್ಲಿಂದಲೂ ಕಾವು ಇಳಿಯುತ್ತದೆ. ಹಾಗಾಗಿ ಬಿಸಿಲು ಬಾಗಿಲಿನ ಮೇಲಿರುವಾಗ ಮುಚ್ಚಿಡಿ, ಸಂಜೆ ಹೊರಗೆ ತಂಪಾದಾಗ ತೆರೆಯಿರಿ. ನಿಮ್ಮ ಗ್ಯಾರೇಜಿನ ಚಾವಣಿಗೆ ಇನ್ಸುಲೇಶನ್ ಇಲ್ಲದಿದ್ದರೆ, ಹಣ ಒಂದೇ ಕೆಲಸಕ್ಕೆ ಸಾಕಾಗುವುದಾದರೆ, ಮೊದಲು ಚಾವಣಿಗೆ ಹಾಕಿ. ಅದರ ವಿಸ್ತೀರ್ಣ ಬಾಗಿಲಿನ ಮೂರು-ನಾಲ್ಕು ಪಟ್ಟು ಇರುತ್ತದೆ.

ಶಬ್ದದಲ್ಲಿ ಪವಾಡ ನಿರೀಕ್ಷಿಸಬೇಡಿ. ಬಾಗಿಲು ತಾನೇ ಕಂಪಿಸಿ ಮಾಡುವ ಬಡಬಡ ನಿಲ್ಲುತ್ತದೆ. ಕಿರುಚುವ ಸ್ವರ ಕಡಿಮೆಯಾಗುತ್ತದೆ. ಆದರೆ ಫೋಮ್ ಹಗುರ ವಸ್ತು, ಭಾರವಿಲ್ಲದ್ದು ಶಬ್ದವನ್ನು ಹೆಚ್ಚು ತಡೆಯುವುದಿಲ್ಲ. ಹೊಟ್ಟು ಎಳೆಯುವ ಯಂತ್ರದ ಗುಂಯ್ ಅನ್ನುವ ದಪ್ಪ ಸ್ವರ ದಾಟಿಯೇ ದಾಟುತ್ತದೆ. ಇಲ್ಲಿಯೂ ಸಂದು ಮುಚ್ಚಿದ್ದು ಬಾಗಿಲಿನ ದಪ್ಪಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ. ರಂದದ ಯಂತ್ರವನ್ನು ಬಾಗಿಲಿನಿಂದ ದೂರದ ಮೂಲೆಗೆ ಸರಿಸಿ, ಕೆಳಗೆ ರಬ್ಬರ್ ಇಡಿ. ಪಕ್ಕದ ಮನೆಯವರ ಹತ್ತಿರ ಯಾವ ಹೊತ್ತು ಅವರಿಗೆ ತೊಂದರೆಯಿಲ್ಲ ಅಂತ ಒಮ್ಮೆ ಕೇಳಿಬಿಡಿ.

ಈಗ ಎಚ್ಚರಿಕೆಯ ಮಾತು. ಇಷ್ಟು ದಿನ ಸಂದಿನಿಂದ ಬರುತ್ತಿದ್ದ ಗಾಳಿ ನಿಮಗೆ ಚಳಿ ಕೊಡುತ್ತಿತ್ತು, ನಿಜ. ಜೊತೆಗೆ ಹೊಗೆ, ಪಾಲಿಶ್ ವಾಸನೆಯನ್ನು ಹೊರಗೂ ಹಾಕುತ್ತಿತ್ತು. ಅದನ್ನು ಮುಚ್ಚಿದ ಮೇಲೆ ಆ ಕೆಲಸವನ್ನು ನೀವೇ ಬೇರೆ ರೀತಿ ಮಾಡಬೇಕು. ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್, ಸೀಮೆಎಣ್ಣೆ ಹೀಟರ್ ಇನ್ನು ಮುಂದೆ ಒಳಗೆ ಬೇಡವೇ ಬೇಡ. ಇಂಜಿನ್ ಇರುವ ಯಾವುದನ್ನೂ, ಜನರೇಟರ್ ಇರಲಿ, ಹುಲ್ಲು ಕತ್ತರಿಸುವ ಯಂತ್ರ ಇರಲಿ, ಒಳಗೆ ಚಾಲೂ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಗುರುತಿಸುವ ಅಲಾರಾಂ ಒಂದನ್ನು ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ಖಂಡಿತ ಹಾಕಿಸಿ.

ಗ್ಯಾರೇಜಿನಲ್ಲೇ ಗ್ಯಾಸ್ ಗೀಸರ್ ಅಥವಾ ಬಾಯ್ಲರ್ ಇದ್ದರೆ ಇನ್ನೂ ಹುಷಾರು. ಹೊಟ್ಟು ಎಳೆಯುವ ಯಂತ್ರದ ಗಾಳಿಯನ್ನು ನೀವು ಹೊರಗೆ ಬಿಡುತ್ತಿದ್ದರೆ ಅದು ಒಳಗಿನ ಗಾಳಿಯನ್ನು ಭರದಿಂದ ಖಾಲಿ ಮಾಡುತ್ತದೆ. ಸಂದು ಮುಚ್ಚಿದ ಕೋಣೆಗೆ ಬದಲಿ ಗಾಳಿ ಬರಲು ದಾರಿಯಿರುವುದಿಲ್ಲ. ಆಗ ಗೀಸರಿನ ಹೊಗೆಕೊಳವೆಯಿಂದಲೇ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಹೊಗೆಯ ಸಮೇತ. ಯಂತ್ರದ ಗಾಳಿಯನ್ನು ಒಳ್ಳೆಯ ಫಿಲ್ಟರ್ ಮೂಲಕ ಒಳಗೇ ತಿರುಗಿಸಿ, ಇಲ್ಲವೇ ಅದು ಓಡುವಾಗ ಒಂದು ಕಿಟಕಿ ತೆರೆದಿಡಿ. ಪಾಲಿಶ್ ಹೊಡೆಯುವ ದಿನ ಚಳಿಯಿದ್ದರೂ ಬಾಗಿಲು ತೆರೆಯಿರಿ.

ಬಾಗಿಲಿನಲ್ಲಿ ಕಿಟಕಿ ಬೇಕೇ ಅನ್ನುವುದಕ್ಕೆ ನನ್ನ ಉತ್ತರ ಹೌದು. ಗಾಜಿನ ಜಾಗದಲ್ಲಿ ಬಿಸಿ ಸ್ವಲ್ಪ ಹೆಚ್ಚು ಸೋರುತ್ತದೆ, ಆದರೂ ಹಗಲು ಬೆಳಕಿನಲ್ಲಿ ಮರದ ಎಳೆ ನೋಡುವ ಸುಖವೇ ಬೇರೆ. ಎರಡು ಪದರದ ಗಾಜು, ಮೇಲಿನ ಹಲಗೆಯಲ್ಲಿ ಮಾತ್ರ. ಕೆಳಗೆ ಹಾಕಿಸಿದರೆ ಮರದ ತುಂಡು ತಾಗುತ್ತದೆ, ಒಳಗಿರುವ ಯಂತ್ರಗಳೂ ಹೊರಗಿನವರ ಕಣ್ಣಿಗೆ ಬೀಳುತ್ತವೆ. ಬಾಗಿಲಿನೊಳಗೆ ಇನ್ನೊಂದು ಪುಟ್ಟ ಬಾಗಿಲು ಇರುವ ಮಾದರಿ ಬೇಡ. ಅದರ ಸುತ್ತಲೂ ಮತ್ತೊಂದು ಸಂದು, ಕಾಲಿಗೆ ಎಡವಲು ಒಂದು ಹೊಸ್ತಿಲು.

ನೀವು ಕಾರು ತರುವುದಿಲ್ಲ ಅಂದಿದ್ದೀರಿ. ಹಾಗಾಗಿ ಇನ್ನೊಂದು ದಾರಿಯನ್ನೂ ಯೋಚಿಸಿ. ಮನೆ ಬಾಗಿಲಿನ ಹಾಗೆ ಹೊರಕ್ಕೆ ತೆರೆಯುವ ಎರಡು ದಪ್ಪ ಜೋಡಿ ಬಾಗಿಲು. ಅದು ಚೌಕಟ್ಟಿಗೆ ಒತ್ತಿ ಕೂರುವುದರಿಂದ ಗಾಳಿ ತಡೆಯುವುದರಲ್ಲಿ ಮೇಲೆ ಹೋಗುವ ಯಾವ ಬಾಗಿಲೂ ಅದಕ್ಕೆ ಸಾಟಿಯಲ್ಲ. ಸ್ಪ್ರಿಂಗ್ ಇಲ್ಲ, ಮೋಟರ್ ಇಲ್ಲ, ಚಾವಣಿ ಪೂರ್ತಿ ನಿಮ್ಮದೇ. ಆದರೆ 4.8 ಮೀಟರ್ ಅಗಲಕ್ಕೆ ಒಂದೊಂದು ರೆಕ್ಕೆ 2.4 ಮೀಟರ್ ಆಗುತ್ತದೆ. ಅದು ತನ್ನ ಭಾರಕ್ಕೇ ಜೋತುಬೀಳುತ್ತದೆ, ಗಾಳಿ ಬಂದರೆ ಹಿಡಿಯುವುದು ಕಷ್ಟ. ಎರಡೂ ಬದಿಗೆ ಸ್ವಲ್ಪ ಗೋಡೆ ಕಟ್ಟಿ ನಡುವೆ 2.4 ಮೀಟರ್ ಜಾಗ ಉಳಿಸಿಕೊಂಡರೆ ಸರಿಹೋಗುತ್ತದೆ. ಮುಂದೆ ಮನೆ ಮಾರುವ ಯೋಚನೆಯಿದ್ದರೆ, ಮತ್ತೆ ಕಾರು ಒಳಗೆ ಬರಬೇಕೆಂದಿದ್ದರೆ, ಇದನ್ನು ಬಿಟ್ಟು ಈಗಿನ ಹಾಗೆ ಬಾಗಿ ಮೇಲಕ್ಕೆ ಹೋಗುವ ಬಾಗಿಲಿಗೇ ಹೋಗಿ.

ಅದಕ್ಕೆ ಹೋಗುವುದಾದರೆ ಟ್ರ್ಯಾಕ್ ಹೇಗೆ ಕೂರಿಸುತ್ತಾರೆ ಅಂತ ಮೊದಲೇ ಮಾತಾಡಿ. ಸಾಮಾನ್ಯ ಟ್ರ್ಯಾಕಿನಲ್ಲಿ ತೆರೆದ ಬಾಗಿಲು ಕಂಡಿಯ ಎತ್ತರದಲ್ಲೇ ಅಡ್ಡ ಮಲಗುತ್ತದೆ. ನಿಮ್ಮ ದೀಪ, ಹೊಟ್ಟು ಎಳೆಯುವ ಕೊಳವೆ ಎಲ್ಲಕ್ಕೂ ಅಡ್ಡ. ಚಾವಣಿ ಎತ್ತರವಾಗಿದ್ದರೆ ಬಾಗಿಲು ಇನ್ನಷ್ಟು ಮೇಲೆ ಹೋಗಿ ಆಮೇಲೆ ಬಾಗುವ ಹಾಗೆ ಟ್ರ್ಯಾಕ್ ಹಾಕಬಹುದು. ಜೊತೆಗೆ ಗೋಡೆಗೆ ಕೂರಿಸುವ ಮೋಟರ್ ತೆಗೆದುಕೊಂಡರೆ ಚಾವಣಿಯ ನಡುವೆ ಹಾಯುವ ಮೋಟರಿನ ಕಂಬಿಯೂ ಇರುವುದಿಲ್ಲ. 2.4 ಮೀಟರ್ ಉದ್ದದ ಪ್ಲೈವುಡ್ ಹಾಳೆ ನಿಲ್ಲಿಸಿ ತಿರುಗಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಇದಕ್ಕೆ ನನಗೆ ಮೂರು ಅಳತೆ ಬೇಕು. ಕಂಡಿಯ ಮೇಲಂಚಿನಿಂದ ಚಾವಣಿಗೆ ಎಷ್ಟಿದೆ, ಎರಡು ಬದಿಯಲ್ಲಿ ಗೋಡೆಯವರೆಗೆ ಎಷ್ಟಿದೆ, ಬಾಗಿಲಿನಿಂದ ಹಿಂಗೋಡೆಯವರೆಗೆ ಅಡೆತಡೆಯಿಲ್ಲದ ಉದ್ದ ಎಷ್ಟು. ಸಾಮಾನ್ಯ ಸ್ಪ್ರಿಂಗ್ ಮತ್ತು ಟ್ರ್ಯಾಕಿಗೆ ಮೇಲೆ 30 ಸೆಂಟಿಮೀಟರಿನಷ್ಟು ಬೇಕಾಗುತ್ತದೆ. ನೆಲದ ಏರಿಳಿತವನ್ನೂ ನೋಡಿ. ಬಾಗಿಲಿನ ಅಡಿಯಲ್ಲಿ ಉದ್ದನೆಯ ನೇರ ಪಟ್ಟಿಯೊಂದನ್ನು ಇಟ್ಟು, ಅದರ ಕೆಳಗೆ ಅತಿ ದೊಡ್ಡ ಸಂದು ಎಷ್ಟು ಮಿಲಿಮೀಟರ್ ಅಂತ ಅಳೆದು ಬರೆಯಿರಿ. ಅದು ಗೊತ್ತಾದರೆ ಕೆಳಗೆ ಯಾವ ಪಟ್ಟಿ ಹಾಕಬೇಕು, ಯಾವ ಟ್ರ್ಯಾಕ್ ಕೇಳಬೇಕು ಅಂತ ಖಚಿತವಾಗಿ ಹೇಳುತ್ತೇನೆ.